ಐದನೆಯದು ನಾಲ್ಕನೆಯದಾದರೆ

ಮಗ ಹೋದ ಮೇಲೆ ಅತ್ತೆಯೇ ಅವನ ಕುರ್ಚಿಯಲ್ಲಿ ಕೂತು ಓದತೊಡಗಿದ್ದರು.

ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬರು ಹಳೆಯ ಪ್ರತಿಯನ್ನು ಗಟ್ಟಿಯಾಗಿ ಓದುತ್ತ ಹೋಗಬೇಕು. ಇನ್ನೊಬ್ಬರು ಹೊಸದಾಗಿ ಜೋಡಿಸಿ ಬಂದ ಹಾಳೆಯ ಮೇಲೆ ಕಣ್ಣಿಟ್ಟು ಹಿಂದೆಯೇ ಬರಬೇಕು. ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ಹೊಂದದಿದ್ದರೆ ಪೆನ್ಸಿಲಿನಿಂದ ಮೇಜು ಕುಟ್ಟಬೇಕು. ಕುಟ್ಟಿದೊಡನೆ ಓದುವವರು ನಿಂತು ಆ ಸಾಲನ್ನು ಮತ್ತೆ ಓದಬೇಕು. ಈಗ ಹೀಗೆ ಯಾರೂ ಮಾಡುವುದಿಲ್ಲ. ಅವರ ಮನೆಗೆ ಕರಡು ಕಳಿಸುತ್ತಿದ್ದ ಪ್ರಕಾಶನದಲ್ಲಿ ಮಾತ್ರ ಉಳಿದಿತ್ತು. ಅಲ್ಲಿಯ ಯಜಮಾನನಿಗೆ ಯಂತ್ರದ ಮೇಲೆ ನಂಬಿಕೆ ಇರಲಿಲ್ಲ, ಮನುಷ್ಯರ ಮೇಲೂ ಇರಲಿಲ್ಲ. ಇಬ್ಬರು ಮನುಷ್ಯರು ಎದುರುಬದುರು ಕೂತರೆ ಅರ್ಧ ನಂಬಿಕೆ.

ಗಂಡ ಓದುತ್ತಿದ್ದ, ಅವಳು ತಿದ್ದುತ್ತಿದ್ದಳು. ಮದುವೆಯಾದದ್ದೂ ಆ ಕೆಲಸದಿಂದಲೇ. ಒಂದು ಬೆಳಿಗ್ಗೆ ಷೂ ಕಟ್ಟಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಬಂದವರೆಲ್ಲ ಅವಳು ಅಳಲಿ ಎಂದು ಕಾದು ಕೂತರು. ಅವಳು ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಆಮೇಲೂ ಅಳು ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವರು ಮರಗಟ್ಟಿದ ತುಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವ ಹಾಗೆ ಒಂದೊಂದು ದಿನವನ್ನೂ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಅಷ್ಟೆ.

ಅತ್ತೆಯ ದನಿ ಇಡೀ ಊರಿಗೇ ಗೊತ್ತಿದ್ದ ದನಿ. ನಿವೃತ್ತರಾಗುವ ತನಕ ಅವರು ರೈಲು ನಿಲ್ದಾಣದಲ್ಲಿ ಯಾವ ಗಾಡಿ ಬರುತ್ತದೆ, ಯಾವುದು ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದರು. ಆ ದನಿ ಕರೆದರೆ ಜನ ಗಂಟುಮೂಟೆ ಎತ್ತಿಕೊಂಡು ಏಳುತ್ತಿದ್ದರು. ಕಥೆ ಓದುವಾಗಲೂ ಅವರು ಅದನ್ನು ಬಿಡಲಿಲ್ಲ. ಅಳುವ ಸಾಲಿರಲಿ, ಕೊಲೆಯ ಸಾಲಿರಲಿ, ಎಲ್ಲವೂ ಒಂದೇ ಹದದಲ್ಲಿ, ಒಂದಕ್ಷರ ನುಂಗದೆ ಹೊರಗೆ ಬರುತ್ತಿದ್ದವು.

ಯಜಮಾನನನ್ನು ಎಲ್ಲರೂ ಬೆನ್ನ ಹಿಂದೆ ದಪ್ಪಕ್ಷರ ಎನ್ನುತ್ತಿದ್ದರು. ಆಡಿದ ಮಾತೆಲ್ಲ ತಲೆಬರಹದ ಹಾಗೆ ಕೇಳುತ್ತಿತ್ತು. ಅವನು ಅವಳನ್ನು ಕರೆಸಿ ಐದು ಹಳೆಯ ಕಾದಂಬರಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

"ಏನಮ್ಮಾ, ಐದು ಪುಸ್ತಕ, ಐದು ಬೆನ್ನು. ಯಾವ ಬೆನ್ನಿನ ಮೇಲೆ ಯಾವ ನಂಬರ್ ಹಾಕ್ಲಿ ಹೇಳು."

"ಬರೆದವರು ಏನೂ ಹೇಳಿಲ್ವಾ ಸರ್?"

"ಹೇಳೋಕ್ ಮುಂಚೆ ಸತ್ರು. ಬರೆದ ಕ್ರಮ ಅಂದ್ರೆ ಅರ್ಧ ಓದುಗರು ನನ್ನ ಹೊಡೀತಾರೆ. ಕಥೆ ನಡೆದ ಕ್ರಮ ಅಂದ್ರೆ ಉಳಿದರ್ಧ ಹೊಡೀತಾರೆ. ನೀನು ಯೂನಿವರ್ಸಿಟೀಲಿ ಇದನ್ನೆಲ್ಲ ಓದಿದೋಳು. ನೀನೇ ಹೇಳ್ಬಿಡು. ನಿನ್ನನ್ನ ಯಾರೂ ಹೊಡೆಯೋದಿಲ್ಲ."

ಗಂಡನನ್ನು ಕಳೆದುಕೊಂಡವಳನ್ನು ಯಾಕೆ ಹೊಡೆಯುವುದಿಲ್ಲ ಎಂದು ಅವಳಿಗೆ ತಿಳಿಯಿತು. ಅವನಿಗೂ ತಿಳಿದು ನಾಲಿಗೆ ಕಚ್ಚಿಕೊಂಡ.

"ಆ ಡಾಕ್ಟರ ಪುಸ್ತಕಗಳು?" ಎಂದಳು, ಅವನಿಗೆ ದಾರಿ ಮಾಡಿಕೊಡಲು. ಅದೇ ಲೇಖಕರು ಈ ಐದು ಕಥೆಗಳು ನಡೆಯುವ ಬಂದರಿನ ವೈದ್ಯನೊಬ್ಬನನ್ನು ಹಿಡಿದು ಇನ್ನೆರಡು ಬರೆದಿದ್ದರು. ಈ ಐದರ ಜನ ಅವುಗಳಲ್ಲಿ ರೋಗಿಗಳಾಗಿ ಬಂದು ಹೋಗುತ್ತಾರೆ.

"ಅವನ್ನ ಎಲ್ಲಿ ತುರುಕಿದ್ರೂ ನಡೆಯುತ್ತೆ, ಡಾಕ್ಟರು ತಾನೆ. ಜಗಳ ಇರೋದು ನಾಲ್ಕಕ್ಕೂ ಐದಕ್ಕೂ."

ಅದು ಅವಳಿಗೆ ಗೊತ್ತಿತ್ತು. ಕಡಲಂಚಿನಲ್ಲಿ ಉಪ್ಪಿನ ವ್ಯಾಪಾರಿಗಳು ಕಟ್ಟಿಸಿದ ಒಂದು ದೊಡ್ಡ ಮನೆ. ಮೊದಲ ಮೂರು ಪುಸ್ತಕಗಳಲ್ಲಿ ಆ ಮನೆಯವರು ಒಬ್ಬೊಬ್ಬರಾಗಿ ಹೋಗುತ್ತಾರೆ. ಮೂರನೆಯದರ ಕೊನೆಗೆ ಎಲ್ಲರೂ ಕಿರಿಯ ಎಂದು ಕರೆಯುವ ಕಡೆಯ ಮಗ ನೀರಿನಲ್ಲಿ ಮುಳುಗುತ್ತಾನೆ. ತಾಯಿ ಮತ್ತು ಕಿರಿಯನ ಹೆಂಡತಿ ಇಬ್ಬರೇ ಉಳಿಯುತ್ತಾರೆ. ನಾಲ್ಕನೆಯದು ಹೆಂಡತಿಯದು: ಅವಳು ಒಂಟಿಯಾಗಿ ಆ ಮನೆಯಲ್ಲಿ ವರ್ಷಗಟ್ಟಲೆ ಬಾಳಿ, ಕೊನೆಯ ಪುಟದಲ್ಲಿ ಬೀಗ ಹಾಕಿ ಊರು ಬಿಡುತ್ತಾಳೆ. ಐದನೆಯದನ್ನು ಬರೆಯುವಾಗ ಲೇಖಕರು ಹಿಂದಕ್ಕೆ ಹೋದರು. ಅದು ತಾಯಿಯದು. ಮಗ ಮುಳುಗಿದ ಮರುವರ್ಷ ಅವಳು ಸಂಜೆ ಸಂಜೆ ಕಡಲಿಗಿಳಿಯುವ ಮೆಟ್ಟಿಲ ಮೇಲೆ ನಿಂತು ಅವನನ್ನು ಕರೆಯುತ್ತಾಳೆ. ಕರೆದು ಕರೆದು ಒಂದು ಸಂಜೆ ಅವನು ಬರುತ್ತಾನೆ. ತಾಯಿ ಅವನ ಕೈ ಹಿಡಿದು ನೀರಿಗಿಳಿಯುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಬರೆದ ಕ್ರಮದಲ್ಲಿ ಓದಿದರೆ ತಾಯಿ ನೀರಿಗಿಳಿಯುವುದು ಕೊನೆ. ನಡೆದ ಕ್ರಮದಲ್ಲಿ ಓದಿದರೆ ಹೆಂಡತಿ ಬೀಗ ಹಾಕುವುದು ಕೊನೆ.

ವಿದ್ಯಾರ್ಥಿನಿಯಾಗಿದ್ದಾಗ ಇದರ ಬಗ್ಗೆ ಅವಳು ಉದ್ದುದ್ದ ಮಾತಾಡಿದ್ದಳು. ಈಗ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬರುವಾಗ ಒಂದೇ ಸಂಗತಿ ತಲೆಯಲ್ಲಿತ್ತು. ಇವನ್ನು ಗಟ್ಟಿಯಾಗಿ ಓದುವವರು ಅತ್ತೆ.

ಮೊದಲ ಎರಡು ಪುಸ್ತಕ ಸಲೀಸಾಗಿ ಸಾಗಿದವು. ಆ ಮನೆಯ ಹಿರಿಯನ ಜಿಪುಣತನ ಕಂಡು ಅತ್ತೆ ಮೂಗು ಮುರಿದರು. "ಉಪ್ಪು ಮಾರೋನ ಮನೇಲಿ ಊಟಕ್ಕೆ ಉಪ್ಪಿಲ್ಲ. ನಿಮ್ಮ ಮಾವನ ವಂಶವೇ ಇದು," ಎಂದರು. ಮೂರನೆಯದರ ಕೊನೆಗೆ ಕಿರಿಯ ಮುಳುಗಿದಾಗಲೂ ದನಿ ನಡುಗಲಿಲ್ಲ. ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿ, "ಮುಂದೆ ಯಾವುದು?" ಎಂದರು.

"ಇನ್ನೂ ಯೋಚಿಸ್ತಿದೀನಿ ಅತ್ತೆ."

"ನಿಮ್ಮ ದಪ್ಪಕ್ಷರ ಫೋನಿನಲ್ಲಿ ಹೇಳ್ದ. ಕೊನೇದರಲ್ಲಿ ಆ ಹುಡುಗ ವಾಪಸ್ ಬರ್ತಾನಂತೆ."

ಅವಳು ಯಜಮಾನನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದಳು. "ಬರ್ತಾನೆ. ಆದರೆ ಚೆನ್ನಾಗಿ ಮುಗಿಯೋದಿಲ್ಲ."

"ಬರ್ತಾನೋ ಇಲ್ವೋ ಅಷ್ಟು ಹೇಳು."

ಮರುದಿನದಿಂದ ಮುಂಬಾಗಿಲ ಸರಪಳಿ ಹಾಕಿರುತ್ತಿರಲಿಲ್ಲ. ಅವಳು ಹಾಕುತ್ತಿದ್ದಳು, ಸ್ವಲ್ಪ ಹೊತ್ತಿಗೆ ಅದು ಜೋತಾಡುತ್ತಿರುತ್ತಿತ್ತು. ಒಂದು ಮಧ್ಯಾಹ್ನ ಅಂಗಡಿಯಿಂದ ಬರುವಾಗ ಬೀದಿಯ ಕೊನೆಯ ಕಾಲುವೆಯ ಕಟ್ಟೆಯ ಮೇಲೆ ಅತ್ತೆ ನಿಂತಿದ್ದರು. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬಂದಿದ್ದರು. ಚಪ್ಪಲಿಯ ತುದಿ ಕಟ್ಟೆಯಿಂದ ಆಚೆಗಿತ್ತು. ಅವಳು ತೋಳು ಹಿಡಿದಾಗ, "ಗಾಳಿಗೆ ಬಂದೆ," ಎಂದರು. ಗಾಳಿ ಬೀಸುತ್ತಿರಲಿಲ್ಲ.

ಬಾಗಿಲ ಬಳಿ, ಸ್ಟೂಲಿನ ಕೆಳಗೆ, ಗಂಡನ ಷೂಗಳು ಅಂದಿನಿಂದ ಹಾಗೇ ಇದ್ದವು. ಇಬ್ಬರಲ್ಲಿ ಯಾರೂ ಎತ್ತಿಡುವ ಮಾತೆತ್ತಿರಲಿಲ್ಲ. ಆ ದಿನ ಕಸ ಗುಡಿಸುವಾಗ ಅವಳ ಕೈ ತಾಗಿತು. ಒದ್ದೆ. ಚರ್ಮದ ಮೇಲೆ ನೀರು ಒಣಗಿದಲ್ಲೆಲ್ಲ ಬೆಳ್ಳಗೆ ಒಂದು ಗೆರೆ ಎದ್ದಿತ್ತು. ಅತ್ತೆ ತೊಳೆದಿರಬೇಕು ಎಂದುಕೊಂಡಳು. ಕೇಳಲಿಲ್ಲ. ಕೇಳಿ ಅವರು ಇಲ್ಲವೆಂದರೆ ಮುಂದೇನು ಎಂದು ತಿಳಿಯಲಿಲ್ಲ.

ಅಂದೇ ಅವಳು ನಿರ್ಧಾರ ಮಾಡಿದಳು. ತಾಯಿ ನೀರಿಗಿಳಿಯುವ ಪುಟದ ಮೇಲೆ ಓದು ನಿಂತರೆ ಈ ಹೆಂಗಸು ಎದ್ದು, ಬಾಗಿಲು ತೆಗೆದು, ನೇರ ಆ ಕಟ್ಟೆಗೆ ಹೋಗುತ್ತಾರೆ. ಓದು ಅಲ್ಲಿ ನಿಲ್ಲಬಾರದು. ಐದನೆಯದನ್ನು ಮೊದಲು ಮುಗಿಸಿಬಿಡಬೇಕು. ಅದರ ಬೆನ್ನಿಗೇ, ಉಸಿರು ಬಿಡುವಷ್ಟೂ ಪುರುಸೊತ್ತು ಕೊಡದೆ, ಬದುಕಿ ಉಳಿದ ಹೆಂಡತಿಯ ಪುಸ್ತಕ ಹಿಡಿಯಬೇಕು. ದಪ್ಪಕ್ಷರನಿಗೆ ಫೋನು ಮಾಡಿ, "ನಡೆದ ಕ್ರಮ ಸರ್. ಐದನೇದು ನಾಲ್ಕನೇದಾಗ್ಲಿ," ಎಂದಳು.

ಅತ್ತೆಗೂ ಹೇಳಿದಳು.

"ನಡುವೆ ಬಂದ್ರೆ ಬಂದ ಹಾಗಾಗೋದಿಲ್ಲ ಕಣೇ," ಎಂದರು ಅವರು. "ಕೊನೇ ನಿಲ್ದಾಣಕ್ಕೆ ಬಂದ ಗಾಡೀಲಿ ಇದ್ದೋರೆಲ್ಲ ಇಳೀಲೇಬೇಕು. ನಡುವಿನ ನಿಲ್ದಾಣದಲ್ಲಿ ಎರಡು ನಿಮಿಷ ನಿಲ್ಲುತ್ತೆ, ಮುಂದಕ್ಕೆ ಹೋಗುತ್ತೆ. ನನ್ನ ಹುಡುಗ ಹಾಗೆ ಬಂದು ಹಾಗೆ ಹೋಗ್ಲಾ?"

"ಅದು ಕಥೆಯ ಹುಡುಗ ಅತ್ತೆ."

"ಗೊತ್ತು. ನಂಗೇನು ಅರಳುಮರಳಾ?" ಕನ್ನಡಕದ ಮೇಲಿಂದ ನೋಡಿದರು. "ಆ ಹೆಂಡ್ತಿ ಬೀಗ ಜಡಿದು ಹೋಗೋದು ಕೊನೇಲಿರಬೇಕು ನಿನಗೆ. ನಿಮ್ಮಕ್ಕ ದಿನಾ ಫೋನ್ ಮಾಡಿ ಬಂದ್ಬಿಡು, ಬಂದ್ಬಿಡು ಅಂತಾಳಲ್ಲ. ಹೋಗು. ಹೋಗೋಳಿಗೆ ಪುಸ್ತಕದ ಕ್ರಮ ಯಾಕೆ ಬೇಕು?"

"ನಾನು ಎಲ್ಲಿಗೂ ಹೋಗ್ತಿಲ್ಲ."

"ಇರೋ ಹಾಗೂ ಕಾಣ್ಸೋದಿಲ್ಲ ನೀನು," ಎಂದು ಅತ್ತೆ ಐದನೆಯ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು.

ದಿನವೂ ಮಧ್ಯಾಹ್ನ ಊಟವಾದ ಮೇಲೆ ಕೂರುತ್ತಿದ್ದರು. ಕಿಟಕಿಯ ಬೆಳಕು ಮೇಜಿನ ತುದಿಯಿಂದ ಸರಿಯುವ ತನಕ ಓದು. ಕಥೆಯ ತಾಯಿ ಮೆಟ್ಟಿಲ ಮೇಲೆ ನಿಂತು "ಕಿರಿಯಾ, ಬಾ" ಎಂದು ಕರೆಯುವ ಸಾಲು ಅಧ್ಯಾಯಕ್ಕೊಮ್ಮೆ ಬರುತ್ತಿತ್ತು. ಆ ಸಾಲಿಗೆ ಮಾತ್ರ ಅತ್ತೆಯ ದನಿ ಮೈಕಿನಷ್ಟು ಗಟ್ಟಿಯಾಗುತ್ತಿತ್ತು. ಗೋಡೆಯಾಚೆ ಪಕ್ಕದ ಮನೆಯವರ ರೇಡಿಯೊ ತಟ್ಟನೆ ನಿಂತದ್ದೂ ಉಂಟು, ಯಾರೋ ಕಿವಿಗೊಟ್ಟು ಕೇಳುವ ಹಾಗೆ. ಓದು ಮುಗಿದ ಮೇಲೆ ಮಹಡಿ ಮೆಟ್ಟಿಲಿಗೆ ಹೋಗಿ ನೋಡಿದರೆ ಕೆಳಗಿನ ಒಂದೆರಡು ಮೆಟ್ಟಿಲು ಒದ್ದೆಯಾಗಿರುತ್ತಿದ್ದವು. ಮರುದಿನ ಇನ್ನೂ ಕೆಲವು ಮೆಟ್ಟಿಲು ಮೇಲಕ್ಕೆ. ಮನೆಯಿದ್ದದ್ದು ಮೂರನೆಯ ಮಹಡಿಯಲ್ಲಿ. ಕೆಳಗಿನ ಮನೆಯಾಕೆ, "ಯಾರ ಮನೆ ನಲ್ಲಿ ಸೋರ್ತಿದೆಯಪ್ಪಾ, ಉಪ್ಪುನೀರು ಬೇರೆ, ಸವಳು ಕಟ್ಟಿದೆ," ಎಂದು ಗೊಣಗುತ್ತ ಒರೆಸುತ್ತಿದ್ದಳು.

ಇನ್ನೇನು ಪುಸ್ತಕ ಮುಗಿಯಬೇಕು ಎನ್ನುವ ದಿನ ಅತ್ತೆ ಬೇಗ ಊಟ ಮುಗಿಸಿ, ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಬಂದು ಕೂತರು. ಅವಳು ಹೆಂಡತಿಯ ಪುಸ್ತಕವನ್ನು ಮೊದಲ ಪುಟ ತೆರೆದು ಮೊಣಕೈ ಪಕ್ಕ ಇಟ್ಟುಕೊಂಡಳು.

ಅತ್ತೆ ಓದಿದರು. ತಾಯಿ ಮೆಟ್ಟಿಲ ಬಳಿಗೆ ಬಂದಳು. ಕಡಲು ಅಲುಗದೆ ಬಿದ್ದಿತ್ತು. ತಾಯಿ ಬಾಯಿ ತೆರೆದಳು.

"ಗುಂಡಾ, ಬಾ," ಎಂದು ಓದಿದರು ಅತ್ತೆ.

ಕಡ್ಡಿಯ ಹಾಗಿದ್ದ ಮಗನನ್ನು ಅವರು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ಗುಂಡ ಎಂದು. ಅವಳ ಹಾಳೆಯಲ್ಲಿ ಕಿರಿಯಾ ಎಂದಿತ್ತು. ಇಷ್ಟು ವರ್ಷದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಅವಳ ಪೆನ್ಸಿಲು ತಾನಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಈಗ ಬೆರಳ ನಡುವೆ ಎತ್ತಿದ್ದು ಎತ್ತಿದಂತೆ ನಿಂತಿತು. ಕುಟ್ಟಿದ್ದರೆ ಅತ್ತೆ ನಿಲ್ಲುತ್ತಿದ್ದರು, ಸಾಲನ್ನು ಸರಿಯಾಗಿ ಇನ್ನೊಮ್ಮೆ ಓದುತ್ತಿದ್ದರು, ಅದು ಬರಿಯ ಪುಸ್ತಕವಾಗಿ ಉಳಿಯುತ್ತಿತ್ತು. ಅವಳು ಕುಟ್ಟಲಿಲ್ಲ. ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರೂ ಹೇಳಿ ಎಷ್ಟೋ ದಿನವಾಗಿತ್ತು.

ತಪ್ಪು ದಾಟಿ ಹೋಯಿತು. ಕೆಳಗೆ, ಮೆಟ್ಟಿಲ ಬುಡದಲ್ಲಿ, ಯಾರೋ ಹತ್ತತೊಡಗಿದರು.

ಅತ್ತೆ ಓದುತ್ತಲೇ ಎದ್ದು ನಿಂತರು. ಕಥೆಯ ತಾಯಿ ಒಂದು ಮೆಟ್ಟಿಲು ಇಳಿದಳು, ಅತ್ತೆ ಮೇಜು ಬಳಸಿ ಒಂದು ಹೆಜ್ಜೆ ಇಟ್ಟರು. ಹೊರಗಿನ ಕಾಲಸಪ್ಪಳ ನೆನೆದ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟು ಎತ್ತಿದ ಹಾಗೆ ಕೇಳುತ್ತಿತ್ತು. ಎರಡನೆಯ ಮಹಡಿ. ಮೂರನೆಯದು. ಬಾಗಿಲ ಎದುರಿಗೆ ಬಂದು ನಿಂತಿತು. ಅತ್ತೆ ಕೊನೆಯ ಸಾಲು ಓದಿ ಪುಸ್ತಕವನ್ನು ಕುರ್ಚಿಯ ಮೇಲಿಟ್ಟರು. ಅವರ ಮುಖ ಹುಡುಗಿಯ ಮುಖದಂತಿತ್ತು.

"ಬಂದ," ಎಂದರು.

ಅವಳು ಹಾರಿ ಅವರ ಮುಂಗೈ ಹಿಡಿದಳು. ಇನ್ನೊಂದು ಕೈಯಲ್ಲಿ ಹೆಂಡತಿಯ ಪುಸ್ತಕ ಎತ್ತಿ ಗಂಟಲು ಹರಿಯುವ ಹಾಗೆ ಓದತೊಡಗಿದಳು. 'ಎಲ್ಲರೂ ಹೋದ ಮೇಲೆ ಮನೆಯಲ್ಲಿ ಉಳಿದವಳು ಅವಳೊಬ್ಬಳೇ.' ಅತ್ತೆ ಕೊಸರಿಕೊಂಡರು. "ಬಿಡೇ. ಬಾಗಿಲಲ್ಲಿ ನಿಂತಿದಾನೆ, ಬಿಡು." ಅವಳು ಬಿಡಲಿಲ್ಲ. ಅದೇ ಸಾಲನ್ನು ಮತ್ತೆ ಓದಿದಳು.

ಅತ್ತೆ ಇದ್ದಕ್ಕಿದ್ದಂತೆ ಕೊಸರುವುದನ್ನು ನಿಲ್ಲಿಸಿದರು. ಬಾಗಿಲ ಕಡೆ ತಲೆ ವಾಲಿಸಿ ಕೇಳಿದರು. ನಿಧಾನವಾಗಿ ಅವಳ ಕಡೆ ತಿರುಗಿದರು. ಮುಖದ ಬಣ್ಣ ಇಳಿದುಹೋಗಿತ್ತು.

"ನನ್ನನ್ನಲ್ಲ," ಎಂದರು.

"ಏನು ಅತ್ತೆ?"

"ಅವನು ಕರೀತಿರೋದು ನನ್ನನ್ನಲ್ಲ ಕಣೇ."

ಆಗ ಅವಳಿಗೂ ಕೇಳಿಸಿತು. ಸ್ನಾನದ ಮನೆಯಿಂದ ಟವೆಲ್ ತಂದುಕೊಡು ಎಂದು ಕೂಗುತ್ತಿದ್ದನಲ್ಲ, ಅದೇ ಸದರದ ದನಿ, ಅವಳ ಹೆಸರು. ಇಷ್ಟು ದಿನ ಎಲ್ಲೂ ತಾಗದೆ ಇದ್ದದ್ದು ಪಕ್ಕೆಲುಬಿನ ಕೆಳಗೆ ಒಮ್ಮೆಲೇ ತಾಗಿತು. ಕಾಲು ತಾನಾಗಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿತ್ತು.

ಲೇಖಕರು ಬರೆದ ಕ್ರಮದಲ್ಲಿ, ತಾಯಿ ಅವನನ್ನು ಕರೆಯುವ ಹೊತ್ತಿಗೆ ಹೆಂಡತಿ ಆಗಲೇ ಬೀಗ ಹಾಕಿ ದೂರ ಹೋಗಿಯಾಗಿರುತ್ತಿದ್ದಳು. ಈ ಕ್ರಮವನ್ನು ಮಾಡಿದವಳು ಅವಳೇ. ತಾಯಿಯ ಪುಸ್ತಕ ಮುಗಿದಿತ್ತು. ಬಂದವನು ಹೋಗಿರಲಿಲ್ಲ. ಮುಂದಿನದು ಹೆಂಡತಿಯದು.

ಅತ್ತೆ ಅವಳ ಮುಂಗೈಯನ್ನು ಎರಡೂ ಕೈಗಳಿಂದ ಹಿಡಿದು ಕುರ್ಚಿಗೆ ಒತ್ತಿ ಕೂರಿಸಿದರು. ತಾವು ಬಾಗಿಲಿಗೂ ಅವಳಿಗೂ ನಡುವೆ ನಿಂತರು. ಮೈಕಿನ ಮುಂದೆ ಒಮ್ಮೆಯೂ ನಡುಗದ ದನಿ ನಡುಗುತ್ತಿತ್ತು.

"ಓದು. ಆ ಕಡೆ ನೋಡ್ಬೇಡ. ಅವಳು ಬೀಗ ಹಾಕೋ ತನಕ ಓದು."

ಆ ಹೆಂಡತಿ ಬೀಗ ಹಾಕುವುದು ಪುಸ್ತಕದ ಕೊನೆಯ ಪುಟದಲ್ಲಿ. ಅವಳು ಎರಡನೆಯ ಸಾಲಿಗೆ ಬಂದಳು. ಬಾಗಿಲಾಚೆ ಅವನು ಇನ್ನೊಮ್ಮೆ ಕರೆದ, ಮೊದಲಿಗಿಂತ ಮೆಲ್ಲಗೆ, ಯಾವ ಅವಸರವೂ ಇಲ್ಲದವನ ಹಾಗೆ.