ಅಪ್ಪಟ ಬೆಳ್ಳಿಯ ರಿಲೇ

ಬೆಳಿಗ್ಗೆ ಆರಕ್ಕೆ ಸಿಂಧಘಟ್ಟದಲ್ಲಿ ಮೂವರು ತಳ್ಳಿದ ಮೇಲೆ ಶುರುವಾದ ಹಾಲಿನ ಗಾಡಿಯನ್ನು ಮಮತ ಕೆ.ಆರ್.ಪೇಟೆಯ ಶಿವಪ್ರಕಾಶನ ಅಂಗಡಿ ಮುಂದೆ ತಂದು ನಿಲ್ಲಿಸಿದಳು. ಶಿವಪ್ರಕಾಶ ಗಾಡಿಗಳ ವೈರಿಂಗ್ ಕೆಲಸದವನು, ಆಗಷ್ಟೇ ಷಟರ್ ಎತ್ತಿದ್ದ. ಕೀ ತೆಗೆದರೂ ರೇಡಿಯೇಟರಿನ ಫ್ಯಾನು ತಿರುಗುತ್ತಲೇ ಇತ್ತು. ರಾತ್ರಿಯೂ ಹೀಗೇ ತಿರುಗಿ ಬ್ಯಾಟರಿ ಬರಿದಾಗಿತ್ತು.

ಏಳು ಊರಿನ ಡೈರಿಗಳಿಂದ ಕ್ಯಾನು ತುಂಬಿಕೊಂಡು ಒಂಬತ್ತರೊಳಗೆ ಅವಳು ಹಾಲು ತಣಿಸುವ ಚಿಲ್ಲಿಂಗ್ ಸೆಂಟರು ಮುಟ್ಟಬೇಕು. ಹೋದ ವಾರ ಫ್ಯಾನು ತಿರುಗದೆ ಇಂಜಿನ್ ಕಾದು, ದಾರಿಯಲ್ಲಿ ನಿಂತು, ಹಾಲು ಒಡೆದಿತ್ತು. ಇನ್ನೊಂದು ಸಲ ಹಾಗಾದರೆ ರೂಟು ಬೇರೆ ಗಾಡಿಗೆ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದ. ಹಾಲು ತುಂಬಿದ ಗಾಡಿಯನ್ನು ಊರೂರಿಗೆ ತಳ್ಳಿಸಿಕೊಂಡು ಹೋಗುವುದಕ್ಕಾಗುತ್ತದೆಯೆ ಎಂದು ಅವಳು ಕೇಳಿದಳು.

ಶಿವಪ್ರಕಾಶ ಬಾನೆಟ್ ಎತ್ತಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿಯನ್ನು, ಫ್ಯಾನಿನ ರಿಲೇಯನ್ನು, ಕಿತ್ತ. ಫ್ಯಾನು ನಿಂತಿತು. ಮುಚ್ಚಳ ಬಿಚ್ಚಿದಾಗ ಒಳಗೆ ಕರೆಂಟು ಹಾಯಿಸುವ ಎರಡು ಬಿಳಿ ಗುಂಡುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಕಂಪನಿಯ ಕೆಲಸ ಅದಲ್ಲ. ಬೆಸುಗೆ ಬಹಳ ಅಂದವಾಗಿತ್ತು. ಅವನು ತಿರುಗಿ ಅಪ್ಪನನ್ನು ನೋಡಿದ.

ಕಾಳಪ್ಪ ಐವತ್ತು ವರ್ಷ ಚಿನ್ನಬೆಳ್ಳಿ ಕೆಲಸ ಮಾಡಿದವರು. ಈಗ ಮಗನ ಅಂಗಡಿಯಲ್ಲಿ ಕೂರುತ್ತಾರೆ. ಹೋದ ವಾರ ಮಗ ಮೈಸೂರಿಗೆ ಸಾಮಾನು ತರಲು ಹೋಗಿದ್ದಾಗ ಮಮತ ಬಂದಿದ್ದಳು. ರಿಲೇಯೊಳಗಿನ ಗುಂಡುಗಳು ಸುಟ್ಟು ಸವೆದಿದ್ದನ್ನು ಕಂಡು, ತಮ್ಮ ಹಳೆಯ ಪೆಟ್ಟಿಗೆಯಿಂದ ಚೂರು ಬೆಳ್ಳಿ ತೆಗೆದು ಹೊಸವನ್ನು ಕೂರಿಸಿಕೊಟ್ಟಿದ್ದರು.

"ಪುಟ ಹಾಕಿದ ಬೆಳ್ಳಿ ಕಣ್ಲಾ. ಒಂದು ಚೂರು ಕಲಬೆರಕೆ ಇಲ್ಲ."

"ಅದೇ ಕಣಪ್ಪ ಆಗಿರೋದು," ಎಂದ ಮಗ. "ಬರೀ ಬೆಳ್ಳಿ ಕಿಡಿಗೆ ಕರಗಿ ಅಂಟ್ಕತದೆ. ಮೋಟ್ರಿನ ರಿಲೇಗೆ ಬೇರೆ ಲೋಹ ಬೆರೆಸಿರ್ತಾರೆ, ಅಂಟ್ಕಬಾರ್ದು ಅಂತ."

ಕಾಳಪ್ಪ ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ಆಮೇಲೆ ತಮಗೇ ನಗು ಬಂತು. "ಕಾಲ್ಗೆಜ್ಜೆಗೆ ತಾಮ್ರ ಬೆರೆಸ್ದೆ ಯಾವತ್ತು ಮಾಡಿದ್ದೆ ನಾನು? ಇಲ್ಲಿ ಬಂದು ಅಪ್ಪಟ ಅಂತ ಹಾಕ್ಬುಟ್ಟೆ ನೋಡು."

"ಆಚಾರ್ರೆ, ನನ್ನ ಗಾಡಿಗೆ ಒಡವೆ ಮಾಡಾಕಿದ್ರಾ?" ಎಂದಳು ಮಮತ. ಗಡಿಯಾರ ನೋಡಿ ಮತ್ತೆ ಗಂಭೀರಳಾದಳು. ಇಷ್ಟು ಚಿಕ್ಕ ಡಬ್ಬಿಯಾದರೂ ಏಕೆ ಬೇಕು, ಸ್ವಿಚ್ಚಿಗೇ ತಂತಿ ಕೊಟ್ಟರೆ ಸಾಲದೆ ಎಂದು ಕೇಳಿದಳು. ಶಿವಪ್ರಕಾಶ ಕೈ ನಿಲ್ಲಿಸದೆ ಹೇಳಿದ: ನಾಲೆಯ ತೂಬು ಎತ್ತಲು ನೀರು ಬಿಡುವ ನೀರಗಂಟಿಗೆ ಒಂದು ಮಾತು ಹೇಳಿದರೆ ಸಾಕಲ್ಲವೆ, ಹಾಗೆ. ಇಂಜಿನ್ ಕಾದಾಗ ಸ್ವಿಚ್ಚಿನಿಂದ ಬರುವ ಸಣ್ಣ ಕರೆಂಟು ಒಳಗಿನ ಸುರುಳಿಯನ್ನು ಅಯಸ್ಕಾಂತ ಮಾಡುತ್ತದೆ. ಅದು ಒಂದು ತಗಡನ್ನು ಎಳೆದುಕೊಂಡರೆ ಗುಂಡುಗಳು ಕೂಡಿ, ಫ್ಯಾನಿನ ದೊಡ್ಡ ಕರೆಂಟು ಅಲ್ಲಿ ಹರಿಯುತ್ತದೆ. ನೇರ ಕೊಟ್ಟರೆ ಸ್ವಿಚ್ಚೇ ಸುಡುತ್ತದೆ.

ಕಾಳಪ್ಪ ಡ್ರಾಯರಿನಿಂದ ದಪ್ಪನೆಯ ರಿಲೇಯೊಂದನ್ನು ಆರಿಸಿ ತಂದರು. ಅದು ಲಾರಿಯದು, ಇಪ್ಪತ್ತನಾಲ್ಕು ವೋಲ್ಟಿನದು, ಹನ್ನೆರಡರ ಬ್ಯಾಟರಿಗೆ ಸುರುಳಿ ಎಳೆಯುವುದೇ ಇಲ್ಲ ಎಂದು ಮಗ ಪಕ್ಕಕ್ಕಿಟ್ಟ. ಫ್ಯಾನಿನ ತಂತಿಗೆ ಮೀಟರಿನ ಇಕ್ಕಳ ಸಿಕ್ಕಿಸಿ, ಹಳೆಯ ರಿಲೇಯನ್ನು ಮತ್ತೆ ಅದರ ಜಾಗಕ್ಕೆ ಒತ್ತಿ ನೋಡಿದ. ತಿರುಗುವಾಗ ಹದಿನೆಂಟು ಆಂಪಿಯರ್. ಶುರುವಾಗುವ ಗಳಿಗೆಯಲ್ಲಿ ಅರವತ್ತು ದಾಟಿತ್ತು. ಹಳೆಯದರ ಮೇಲೆ ಇಪ್ಪತ್ತು ಎಂದು ಬರೆದಿತ್ತು, ಹಾರನ್ನಿನ ರಿಲೇ ಅದು. ಯಾರೋ ಎಂದೋ ಹಾಕಿದ್ದು.

"ಹಂಗಾರೆ ಮೊದ್ಲಿಂದಾನೇ ತಪ್ಪಿತ್ತು ಅನ್ನು," ಎಂದರು ಕಾಳಪ್ಪ, ಸ್ವಲ್ಪ ಹಗುರಾಗಿ.

ಹೊಸ ರಿಲೇ ಹನ್ನೆರಡು ವೋಲ್ಟು, ನಲವತ್ತು ಆಂಪಿಯರ್, ನಾಲ್ಕು ಕಾಲಿನದು, ಶುರುವಿನ ಆ ಅರವತ್ತನ್ನು ಗಳಿಗೆ ಹೊತ್ತು ತಾಳುವಂತೆ ಮೋಟರಿಗೆಂದೇ ಮಾಡಿದ್ದು. ಶಿವಪ್ರಕಾಶ ಅದನ್ನು ಕೂರಿಸಿ, ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟು ಇಂಜಿನ್ ಶುರು ಮಾಡಿದ. ಮೂವರೂ ಬಾನೆಟ್ ಸುತ್ತ ನಿಂತರು. ಇಂಜಿನ್ ಕಾಯಿತು, ಟಕ್ ಎಂದಿತು, ಫ್ಯಾನು ತಿರುಗಿತು. ಇನ್ನು ನಿಲ್ಲುವುದನ್ನು ನೋಡಬೇಕಿತ್ತು. ಮಮತ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಎರಡು ನಿಮಿಷದ ಮೇಲೆ ಮತ್ತೊಂದು ಟಕ್, ಫ್ಯಾನು ನಿಧಾನವಾಗಿ ನಿಂತಿತು. ಬ್ಯಾಟರಿ ತುಂಬುವವರೆಗೆ ಇಂಜಿನ್ ಆರಿಸಬೇಡ ಎಂದು ಹೇಳಿ ಕಳಿಸಿದರು.

ಮನೆಯಿಂದ ಹೆಂಡತಿ ಲಲಿತಮ್ಮ ಕಳಿಸಿದ ತಿಂಡಿಯನ್ನು ಕಾಳಪ್ಪ ಮುಟ್ಟಲಿಲ್ಲ. ಮಗ ಎರಡು ಸಲ ಕರೆದ, ಹಸಿವಿಲ್ಲ ಎಂದರು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಶಿವಪ್ರಕಾಶನಿಗೆ ಮಮತಳ ಫೋನು ಬಂತು. ಅವನು ಅದನ್ನು ಅಪ್ಪನ ಕೈಗೇ ಕೊಟ್ಟ.

"ಆಚಾರ್ರೆ, ಸೆಂಟ್ರು ಗೇಟೊಳಗೆ ಬಂದ್ಬುಟ್ಟೆ. ಹಾಲು ಚೆನ್ನಾಗದೆ ಅಂದ್ರು."

"ಆಯ್ತು ಕಣವ್ವ," ಎಂದು ಕಾಳಪ್ಪ ಫೋನು ಕೆಳಗಿಟ್ಟು, ಆರಿದ ಇಡ್ಲಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.