ಗುಲಾಬಿ ಬಣ್ಣ ಬರುವ ತನಕ

ಬಂತು — ಇಲ್ಲ, ಹೋಯಿತು, ಗುಳಿಗೆ ಕರಗುವಾಗ ನಳಿಕೆಯ ತಳದಲ್ಲಿ ಗುಲಾಬಿಯ ಒಂದು ಎಳೆ ಎದ್ದಂತಾಗಿ ರೆಪ್ಪೆ ಬಡಿಯುವಷ್ಟರಲ್ಲಿ ಮಾಯ, ಈಗ ಬರೀ ನೀರು, ಆಚೆಯ ಬೇವಿನ ಮರ ಕಾಣುವಷ್ಟು ತಿಳಿ, ಕ್ಲೋರಿನ್ ಇದ್ದರೆ ಗುಲಾಬಿ, ಇಲ್ಲದಿದ್ದರೆ ಬಣ್ಣವಿಲ್ಲ, ನೀರು ಪರೀಕ್ಷಿಸುವ ಕಿಟ್ಟಿನ ಡಬ್ಬಿಯ ಮೇಲೆ ಅಷ್ಟೇ ಬರೆದಿದೆ, ನಿನ್ನೆ ಸಂಜೆಯೂ ಬರಲಿಲ್ಲವೆಂದು ಕೊಳಕ್ಕೆ ಕ್ಲೋರಿನ್ ಪುಡಿ ಸುರಿದೆ, ಮತ್ತೆ ನೋಡಿದೆ, ಬರಲಿಲ್ಲ, ಮತ್ತೆ ಸುರಿದೆ — ಇನ್ನೊಂದ್ ಡಬ್ಬಿ ಹಾಕ್ರಿ ಮೇಡಂ, ಅದಕ್ಕೇನ್ ಅಳತಿ, ಅಂದ ಧರ್ಮಣ್ಣ, ಈ ಈಜುಕೊಳವನ್ನು ನನಗೆ ಮಾರಿದವನು, ಅವನ ಕಾಲದಲ್ಲಿ ನೀರು ಹಸಿರುಗಟ್ಟಿ ಕಪ್ಪೆಗಳು ವಟಗುಟ್ಟುತ್ತಿದ್ದವು, ಅವನು ನೀರನ್ನು ಎಂದೂ ಪರೀಕ್ಷಿಸಲಿಲ್ಲ, ಮೂಸಿ ನೋಡುತ್ತಿದ್ದ, ಈಗಲೂ ಬಂದು ಬೇವಿನ ನೆರಳಲ್ಲಿ ಕೂತಿದ್ದಾನೆ, ಮಾರಿದರೂ ಕರುಳು ಬಿಟ್ಟಿಲ್ಲ, ಇವತ್ತು ನನ್ನ ಮೊದಲ ದಿನ, ಬೆಳಗಿನ ಪಾಳಿ ಹೆಂಗಸರಿಗೆ ಮಾತ್ರ, ಆಳಂದದಿಂದ ಕಡಗಂಚಿಗೆ ಹೋಗುವ ಬಸ್ಸಿನವರಿಗೆಲ್ಲ ಕಾಣುವಂತೆ ಗೇಟಿನ ಮೇಲೆ ಫಲಕ, ಭೀಮಾ ಈಜುಕೊಳ, ಹೊಳಿ ಹೆಸರೇನ್ರಿ ಅಂತ ಕೇಳಿದವರಿಗೆ ಹೌದು ಅನ್ನುತ್ತೇನೆ, ಅದೂ ಹೌದು, ಕೆಳಗೆ ಮಾಲೀಕರು ಮಧುಮತಿ ಜೈಭೀಮ, ನನ್ನ ಗಂಡನ ಹೆಸರು ಸೇರಿಸಿ — ಬರೇ ಮಧುಮತಿ ಅಂತ ಬರೀರಿ, ಪೂರಾ ಹೆಸರು ಯಾಕ, ಮಂದಿ ಒಂಥರಾ ಇರ್ತಾರ, ಅಂದಿದ್ದ ಧರ್ಮಣ್ಣ, ಮರುದಿನವೇ ಪೇಂಟರನನ್ನು ಕರೆಸಿ ಅದೇ ಸಾಲನ್ನು ಇನ್ನೂ ದೊಡ್ಡದಾಗಿ ಬರೆಸಿದೆ, ನೀಲಿಯಲ್ಲಿ.

ಆದರೆ ಕ್ಲೋರಿನ್ ಇಲ್ಲವೆಂದರೆ ಆ ಎಳೆ ಎಲ್ಲಿಂದ ಬಂತು, ಇನ್ನೊಂದು ಗುಳಿಗೆ ಹಾಕುತ್ತೇನೆ, ಮತ್ತೆ ಹಾಗೇ, ಬಂತು, ಹೋಯಿತು, ಯಾರೋ ಒರೆಸಿದಂತೆ, ನನ್ನ ಶಾಲೆಯ ಬಿಳಿ ಅಂಗಿಯ ಮೇಲೆ ಶಾಯಿ ಚೆಲ್ಲಿದಾಗ ಅವ್ವ ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದುತ್ತಿದ್ದಳು, ನೋಡನೋಡುತ್ತ ಕಲೆ ಹೋಗುತ್ತಿತ್ತು, ಬಣ್ಣ ಎಲ್ಲಿ ಹೋಯ್ತಬೇ ಅವ್ವಾ ಅಂದರೆ ಪುಡಿ ತಿಂತು ಅನ್ನುತ್ತಿದ್ದಳು — ಪುಡಿ ತಿಂತು, ಅಯ್ಯೋ, ಕ್ಲೋರಿನ್ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ, ಬಣ್ಣ ಹುಟ್ಟಿದ ಕೂಡಲೇ ತಿಂದುಹಾಕುವಷ್ಟು ಹೆಚ್ಚಾಗಿ, ಕುಡಿಯುವ ನೀರಿನ ಬಾಟಲಿ ತಂದು ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಅದನ್ನು ಬೆರೆಸಿ ಗುಳಿಗೆ ಹಾಕುತ್ತೇನೆ, ನಳಿಕೆಯಲ್ಲಿ ಕೆಂಪು, ದಾಸವಾಳದಂಥ ಕೆಂಪು, ಹೋಗುತ್ತಿಲ್ಲ, ಹತ್ತು ಪಟ್ಟು ತೆಳುವಾದರೂ ಇಷ್ಟು ಕೆಂಪೆಂದರೆ ಈ ಚೆಂದದ ನೀಲಿ ನೀರು ಇಳಿದವರ ಕಣ್ಣನ್ನೇ ಸುಟ್ಟೀತು, ಹೊರಗೆ ಆಟೋ ನಿಂತ ಸದ್ದು, ಹೆಂಗಸರ ನಗು, ಬಂದೇ ಬಿಟ್ಟರು.

ಗೇಟಿಗೆ ಅಡ್ಡ ನಿಂತಿದ್ದೇನೆ, ಎದುರಿಗೆ ಮುಮತಾಜ, ಪೇಟೆಯಲ್ಲಿ ಬಟ್ಟೆ ಅಂಗಡಿಯವಳು, ಅವಳ ಮಗಳು ಫರಹತ, ನಾನು ಆಟ ಕಲಿಸುತ್ತಿದ್ದ ಶಾಲೆಯ ಹುಡುಗಿ, ಹೊಸ ಈಜುಡುಗೆಯ ಚೀಲವನ್ನು ಎದೆಗೆ ಅವುಚಿಕೊಂಡು ಕುಣಿಯುತ್ತಿದ್ದಾಳೆ, ಹಿಂದೆ ಕಾರಿನಿಂದ ಇಳಿಯುತ್ತಿರುವವಳು ಗೌಡರ ಮನೆಯ ಸೊಸೆ, ಅವಳೂ ಬಂದಳಲ್ಲ, ಫಲಕ ಓದಿಯೂ ಬಂದಳಲ್ಲ — ಮೊದಲನೇ ದಿನಾನೇ ವಾಪಸ್ ಕಳಿಸಿದ್ರ ಮತ್ಯಾರೂ ಬರಂಗಿಲ್ರಿ ಮೇಡಂ, ನೀರು ಕನ್ನಡಿ ಇದ್ದಂಗ ಅವ, ಬಿಡ್ರಿ ಒಳಗ, ಧರ್ಮಣ್ಣ ಕಿವಿಯ ಹತ್ತಿರ ಪಿಸುಗುಡುತ್ತಿದ್ದಾನೆ, ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಕಣ್ಣು ಉರಿಯುವ ತನಕ, ಉರಿದ ಮೇಲೆ ಊರು ಏನನ್ನುತ್ತದೆಂದು ನನಗೆ ಗೊತ್ತು, ಅವರ ಕೈಯಾಗಿನ ನೀರು, ಹಂಗೇ ಇರ್ತಾವ, ಅಷ್ಟೇ ಸಾಕು, ಒಂದು ಮಾತು ಸಾಕು, ನಾನು ಹೇಳಿಬಿಟ್ಟೆ, ಇವತ್ತ ಮುಂಜಾನಿ ನೀರಾಗ ಇಳೀಬ್ಯಾಡ್ರಿ, ಮುಟ್ಟಬ್ಯಾಡ್ರಿ — ಹೇಳಿದ ಮೇಲೆ ಆ ಮಾತು ನನ್ನ ಬಾಯಲ್ಲೇ ಕಲ್ಲಿನಂತೆ ನಿಂತಿತು, ಮುಟ್ಟಬ್ಯಾಡ್ರಿ, ಇದನ್ನು ಕೇಳಿಯೇ ಬೆಳೆದವಳು ಅವ್ವ, ತವರೂರಿನ ಬಾವಿಯ ಕಟ್ಟೆಯಿಂದ ದೂರ ಕೊಡ ಇಟ್ಟುಕೊಂಡು, ಯಾರಾದರೂ ದಯೆ ತೋರಿ ಮೇಲಿನಿಂದ ಸುರಿಯಲಿ ಅಂತ ಬಿಸಿಲಲ್ಲಿ ನಿಂತವಳು, ಈಗ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದಾಳೆ — ನೋಡ್ರಿ ಇಲ್ಲಿ, ನಮಗ ಮುಟ್ಟಬ್ಯಾಡ ಅಂತಾಳ, ಗೌಡರ ಸೊಸೆ ಮುಮತಾಜಳ ಕಡೆ ತಿರುಗಿ ನಕ್ಕಳು, ನಗು ಅಲ್ಲ ಅದು, ತಿರುಗಿ ಅನ್ನಬಹುದಿತ್ತು, ತಲೆತಲಾಂತರದ ಮಾತು ನಾಲಿಗೆಯ ತುದಿಯಲ್ಲಿತ್ತು, ಅವ್ವನ ದನಿ ಬಂತು, ಹೇಳಬೇ ಮಧು, ಯಾಕ ಅಂತ ಹೇಳು, ನಮಗ ಯಾರೂ ಯಾಕ ಅಂತ ಹೇಳಿದ್ದಿಲ್ಲ, ನೀ ಹೇಳು — ಹೇಳಿದೆ, ಕೆಂಪು ನಳಿಕೆಯನ್ನು ಎತ್ತಿ ತೋರಿಸಿ ಹೇಳಿದೆ, ಔಷಧ ಹೆಚ್ಚಾಗ್ಯದ, ತಪ್ಪು ನಂದು, ಮಕ್ಕಳ ಕಣ್ಣು ಸುಡ್ತಾವ, ಸರಿ ಮಾಡಿ ನಾನೇ ಫೋನ್ ಮಾಡ್ತೇನಿ, ಮುಮತಾಜ ನಳಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು, ಅಕ್ಕಾ, ಸಚ್, ಖರೇ ಹೇಳಿದ್ರಿ, ಅಷ್ಟ ಸಾಕು, ಸಂಜೀಕ ಬರ್ತೇವಿ, ಫರಹತ ಅಳುತ್ತ ಆಟೋ ಹತ್ತಿದಳು, ಗೌಡರ ಸೊಸೆ ಕಾರಿನ ಬಾಗಿಲು ಹಾಕಿಕೊಂಡಳು.

ಹಗಲೆಲ್ಲ ನೀರೇ, ಸ್ವಲ್ಪ ಕೊಳದಿಂದ ಹೊರಗೆ, ಬೇವಿನ ಬೇರಿಗೆ ತಾಕದಂತೆ ಗರಸುಮಣ್ಣಿನ ಗುಂಡಿಗೆ, ಬೋರಿನ ಹೊಸ ನೀರು ಒಳಗೆ, ಉಳಿದದ್ದಕ್ಕೆ ನಮ್ಮ ಬಿಸಿಲಿದೆಯಲ್ಲ, ಕ್ಲೋರಿನ್ ಸುಡಲು ಈ ಬಿಸಿಲಿಗಿಂತ ಔಷಧ ಬೇಕೆ, ಬಗ್ಗಿ ನೀರು ತೆಗೆಯುತ್ತೇನೆ, ನೋಡುತ್ತೇನೆ, ಚೆಲ್ಲುತ್ತೇನೆ, ಅವ್ವ ಕೊಡೆ ಹಿಡಿದು ಹಿಂದೆಯೇ ಓಡಾಡುತ್ತಾಳೆ, ಉಣ್ಣಬೇ, ಒಂದ್ ತುತ್ತು, ನೀರೇನ್ ಓಡಿ ಹೋಗಂಗಿಲ್ಲ, ಕೆಂಪು ಇಳಿದ ಮೇಲೆ ಇನ್ನೊಂದು ಪರೀಕ್ಷೆ, ನೀರಿನ ಕ್ಷಾರದ್ದು, ನಮ್ಮ ಬೋರು ಸವಳು, ನೀರು ನೇರಳೆ ತೋರಿಸಿತು, ಕ್ಷಾರ ಹೆಚ್ಚು, ಆಸಿಡ್ ಅನ್ನು ಬಕೆಟ್ ನೀರಿಗೆ ಬೆರೆಸಿ ಅಂಚಿನುದ್ದಕ್ಕೂ ನಿಧಾನಕ್ಕೆ ಸುರಿಯುತ್ತ ನಡೆದೆ, ಮೋಟಾರು ತಿರುಗಿತು, ಕಾದೆ, ಅಳತೆ ಮಾಡಿ ಇನ್ನಷ್ಟು ಹಾಕಿದೆ, ಕಾದೆ, ನೇರಳೆ ಹೋಗಿ ಬೇಕಾದ ಕಿತ್ತಳೆಗೆಂಪು ಬಂತು, ಅಲ್ಲಿಯೇ ನಿಲ್ಲು ತಾಯಿ, ನಿಂತಿತು, ಕೊನೆಗೆ ಗುಳಿಗೆ, ನಳಿಕೆಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದೇನೆ — ತಿಳಿ ಗುಲಾಬಿ, ಕೂಸಿನ ಅಂಗೈಯಂಥ ಗುಲಾಬಿ, ಬಂದದ್ದು ಹೋಗಲಿಲ್ಲ, ಧರ್ಮಣ್ಣ ಎದ್ದು ಬಂದು ಕನ್ನಡಕ ಏರಿಸಿ ನೋಡುತ್ತಾನೆ, ನಾ ಇದ್ದಾಗ ಈ ನೀರು ನಂದೂ ಇದ್ದಿದ್ದಿಲ್ಲ ಬಿಡ್ರಿ, ಈಗ ನಿಮ್ದಾತು, ಅನ್ನುತ್ತಾನೆ, ನನ್ನದು, ಹೌದು, ಖರೀದಿ ಪತ್ರಕ್ಕೆ ಸಹಿ ಹಾಕಿದ ದಿನ ಅಲ್ಲ, ಇವತ್ತು.

ಫೋನ್ ಮಾಡಿದೆ, ಬಂದರು, ಹೊತ್ತು ಇಳಿಯುವ ಮೊದಲೇ ಬಂದರು, ಆಟೋದ ಹಿಂದೆ ಆ ಕಾರೂ, ಗೌಡರ ಸೊಸೆ ಅಂಚಿನಲ್ಲಿ ನಿಂತು ಕೇಳುತ್ತಾಳೆ, ಈಗ ಇಳೀಬಹುದೇನ್ರಿ, ಆ ರೀ ನನ್ನ ಕಿವಿಗೆ ಬಿತ್ತು, ಅವ್ವನ ಕಿವಿಗೂ, ತಡೀರಿ, ಮೊದಲ ಅಲ್ಲಿ ಷವರಿನಾಗ ಮೈ ತೊಳಕೊಂಡು ಬರ್ರಿ, ಎಲ್ಲಾರೂ, ಅದು ಇಲ್ಲಿ ಕಾನೂನು, ಅಂದೆ, ಅವಳು ಷವರಿನ ಕಡೆ ಹೋದಳು, ತೊಳೆದುಕೊಂಡೇ ಬಂದಳು, ಅವ್ವ ಕಾಲು ತೊಳೆದು ಸೀರೆ ಮೇಲೆತ್ತಿ ಮೆಟ್ಟಿಲ ಮೇಲೆ ಕೂತು ಮೊಣಕಾಲ ತನಕ ನೀರಲ್ಲಿ, ಯಾರನ್ನೂ ಕೇಳಲಿಲ್ಲ, ಫರಹತ ನನ್ನ ಕೈ ಹಿಡಿದು ಇಳಿಯುತ್ತಾಳೆ, ಕಂಬಿ ಹಿಡಿದು ಮೂಗು ಮುಚ್ಚಿ ಮುಳುಗುತ್ತಾಳೆ, ಏಳುತ್ತಾಳೆ, ಮುಖದ ತುಂಬ ನೀರು, ಟೀಚರ್, ಒಳಗ ಕಣ್ಣು ತಗದಿದ್ನಿ, ತಳಾ ಎಲ್ಲಾ ಕಾಣ್ತದ್ರಿ, ಅನ್ನುತ್ತಾಳೆ, ಬಾ ಇಲ್ಲಿ, ತೋರಿಸು, ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತೇನೆ, ಕಣ್ಣಲ್ಲಿ ಒಂದು ಕೆಂಪು ಎಳೆಯೂ ಇಲ್ಲ, ಬಿಡಿಸಿಕೊಂಡು ಮತ್ತೆ ಮುಳುಗುತ್ತಾಳೆ, ನೀರೊಳಗಿಂದ ಕಣ್ಣು ನನ್ನನ್ನೇ ನೋಡುತ್ತಿವೆ, ಮತ್ತೆ ಏಳುತ್ತಾಳೆ, ಅವೇ ಕಣ್ಣು, ಹಾಲಿನಂಥ ಬಿಳಿ, ನಡುವೆ ಕಪ್ಪು, ನಗುತ್ತ ಮತ್ತೆ ಮುಳುಗುತ್ತಾಳೆ, ನನ್ನ ನೀರೊಳಗೆ, ಕಣ್ಣು, ಉರಿಯದೆ ತೆರೆದೇ ಇವೆ, ಕಣ್ಣು —