ಎರಡರ ಮಗ್ಗಿಯ ಬಾಗಿಲು

ಅಂದಾನೆಪ್ಪ ಕಟ್ಟಿಗೆ ರಾಶಿಯಿಂದ ಒಂದು ತುಂಡು ಎಳೆದದ್ದೇ ತಡ, ಇಡೀ ರಾಶಿ ಅವನ ಕಾಲ ಮೇಲೆ ಉರುಳಿತು. ಉರುಳಿದ್ದು ಮುಂದಿನ ಒಂದೇ ಸಾಲು. ಅದರ ಹಿಂದೆ ಏನೂ ಇರಲಿಲ್ಲ. ಒಂದು ಕಪ್ಪೆ ಕೂತಿತ್ತು, ಅದೂ ನಾಚಿಕೊಂಡು ಹೊರಗಿನ ಮಳೆಗೆ ಜಿಗಿಯಿತು.

“ಏ ಠಾಕಪ್ಪಣ್ಣಾ, ಕಟ್ಟಿಗಿ ಎಲ್ಲಿ ಹೋದ್ವೋ?”

ಠಾಕಪ್ಪ ಚಟ್ಟದ ಪಕ್ಕ ನಿಂತಿದ್ದ. ಚಟ್ಟದ ಮೇಲೆ ಹಸಿರು ಸೀರೆ ಉಟ್ಟು ಮಲಗಿದ್ದವಳು ಅವನ ಹೆಂಡತಿ ರೂಪಿಬಾಯಿ. ಕಲ್ಲದಡ್ಡಿಯ ಸರ್ಕಾರಿ ಶಾಲೆಯಲ್ಲಿ ನಿನ್ನೆಯವರೆಗೂ ಬಿಸಿಯೂಟ ಮಾಡಿದವಳು.

ಮಳೆ ಹಿಡಿಯುವ ಮುಂಚೆ ಮನೆಗೊಂದು ಹೊರೆ ಒಣ ಕಟ್ಟಿಗೆ ತಂದು ಸುಡುಗಾಡಿನ ಶೆಡ್ಡಿನಲ್ಲಿ ಒಟ್ಟುವುದು ಕಾಡಂಚಿನ ಈ ಪುಟ್ಟ ದಡ್ಡಿಯ ರೂಢಿ. ಮಳೆಗಾಲದಲ್ಲಿ ಯಾರೇ ಸತ್ತರೂ ಅದರಲ್ಲೇ ಸುಡಬೇಕು. ಹೊರಗೆ ಕಾಡೆಲ್ಲ ನೆನೆದು ತೊಪ್ಪೆಯಾಗಿರುತ್ತದೆ.

“ಯಾರೋ ಕದ್ದಾರ,” ಅಂದ ಠಾಕಪ್ಪನ ಮಗ ಅಜಯ.

“ಹೆಣದ ಕಟ್ಟಿಗಿ ಕದ್ದು ಏನ್ ಬಂಗ್ಲೆ ಕಟ್ತಾರೇನ್ಲೇ?” ಅಂದ ಅಂದಾನೆಪ್ಪ. “ಕಳ್ಳ ಇದ್ದಿದ್ರ ಮುಂದಿನ ಸಾಲು ಇಷ್ಟು ಛಂದ ಹೊಂದಿಸಿ ಇಡ್ತಿದ್ನೇನು?”

ಅಜಯನ ಮಗಳು ಕಾಜಲ್, ನಾಲ್ಕನೇ ಇಯತ್ತೆ, ಕಂಬದ ಮರೆಯಿಂದ ಹೇಳಿದಳು: “ಅಜ್ಜಿ ತಗೀತಿದ್ಲು. ಹಿಂದಿಂದು. ಮುಂದಿನ ಸಾಲು ಮುಟ್ಟಬ್ಯಾಡ್ರಿ ಅಂತಿದ್ಲು.”

“ಯಾಕವಾ?”

“ಅನ್ನಕ್ಕ.”

ಅಂದಾನೆಪ್ಪ ಚಟ್ಟದ ಕಡೆ ತಿರುಗಿದ.

“ಎಲಾ ಇಕಿನ! ತನ್ನ ಕಟ್ಟಿಗಿ ತಾನೇ ಸುಟ್ಟ ಕುಂತಾಳಲ್ಲೋ.”

*

ಶಾಲೆಯ ಮಾಡು ಬಿದ್ದು ಮೂರು ಮಳೆಗಾಲವಾಗಿತ್ತು. ಅದು ಬಿದ್ದ ವರ್ಷವೇ ಸುಡುಗಾಡಿಗೆ ಹೊಸ ಶೆಡ್ಡು ಬಂತು. ಸತ್ತವರ ಲೆಕ್ಕದಲ್ಲಿ ರೊಕ್ಕ ಇತ್ತು, ಮಕ್ಕಳ ಲೆಕ್ಕದಲ್ಲಿ ಇರಲಿಲ್ಲ. ದಡ್ಡಿಯಲ್ಲಿ ಸೋರದ ಸರ್ಕಾರಿ ಜಾಗ ಅದೊಂದೇ ಆದ್ದರಿಂದ ಶಾಲೆ ಅಲ್ಲಿಗೇ ಹೋಯಿತು. ಹೆಣ ಸುಡುವ ಕಬ್ಬಿಣದ ತೊಟ್ಟಿಲಿಗೆ ಮಕ್ಕಳು ಪಾಟಿಚೀಲ ನೇತುಹಾಕಿದರು. ಕರಿಹಲಗೆಯನ್ನೂ ಅದಕ್ಕೇ ಒರಗಿಸಿದರು. ಯಾರಾದರೂ ಸತ್ತರೆ ಸೂಟಿ. ಹೋಂವರ್ಕ್ ಮಾಡದ ಹುಡುಗರು ಹಾಸಿಗೆ ಹಿಡಿದ ಮುದುಕರ ಮನೆಗೆ ಹೋಗಿ ಆರೋಗ್ಯ ವಿಚಾರಿಸುತ್ತಿದ್ದರು. “ಅಜ್ಜಾ, ಹೆಂಗದಿ?” ಅಂದರೆ ಮುದುಕರೂ, “ನಾಳೆ ಪರೀಕ್ಷಾ ಐತೇನ್ಲೇ?” ಅಂತ ಕೇಳುತ್ತಿದ್ದರು.

ಹಳೆ ಶಾಲೆಯ ಕೀಲಿಕೈ ಅದನ್ನು ಕಾಯುತ್ತಿದ್ದ ಠಾಕಪ್ಪನ ಉಡದಾರದಲ್ಲಿತ್ತು. ನೋಡಲು ಬಂದ ಇಂಜಿನಿಯರ್ ಅವನಿಗೇ ಹೇಳಿ ಹೋಗಿದ್ದ: ಬಾಗಿಲು, ತೊಲೆ ಇರುವ ತನಕ ಇದು ರಿಪೇರಿ. ಅವು ಹೋದವೋ, ಹೊಸ ಕಟ್ಟಡ. ಹೊಸದಕ್ಕೆ ರೊಕ್ಕವಿಲ್ಲ, ಮಕ್ಕಳನ್ನು ಚಿಗಳ್ಳಿ ಶಾಲೆಗೆ ಕೂಡಿಸುತ್ತಾರೆ. ಚಿಗಳ್ಳಿಯ ದಾರಿ ಕಾಡಿನೊಳಗೆ. ಬೆಳಗಿನ ಹೊತ್ತು ಆ ದಾರಿ ಆನೆಗಳದು. ಹೀಗಾಗಿ ಠಾಕಪ್ಪ ಬಿದ್ದ ತೊಲೆ, ಬೆಂಚುಗಳನ್ನೆಲ್ಲ ಹೆಂಚು ಉಳಿದಿದ್ದ ಮೂಲೆಗೆ ಎಳೆದು ಒಟ್ಟಿ, ಬಾಗಿಲಿಗೆ ಕೀಲಿ ಜಡಿದ. ಒಳಗೆ ನೋಡಿದರೆ ಮುಕ್ಕಾಲು ಪಾಲು ಆಕಾಶ. ಮೂರು ವರ್ಷ ಅವನು ಆಕಾಶಕ್ಕೆ ಕೀಲಿ ಹಾಕಿ ಕಾಯ್ದ.

ಆಮೇಲೆ ಬಿಸಿಯೂಟದ ಗ್ಯಾಸಿನ ರೊಕ್ಕ ನಿಂತಿತು. ಕೇಳಿದರೆ, ಬಜೆಟ್ ಆಗಲಿ ಅಂದರು. ಬಜೆಟ್ ಆಯಿತು. ಮತ್ತೆ ಕೇಳಿದರೆ, ಆಯಿತಲ್ಲ, ಅದಕ್ಕೇ ಇಲ್ಲ ಅಂದರು. ರೂಪಿಬಾಯಿ ಶೆಡ್ಡಿನ ಮೂಲೆಯಲ್ಲಿ ಮೂರು ಕಲ್ಲು ಹೂಡಿದಳು.

“ಆ ಸಾಲಿ ಬೆಂಚ್ ಒಂದು ಕೊಡ್ರಿ. ಹಸಿ ಕಟ್ಟಿಗಿ ಹೊಗಿಗೆ ಎದಿ ಕಟ್ಟತೈತಿ,” ಅಂದಿದ್ದಳು ಗಂಡನಿಗೆ.

“ಸಾಲಿ ಸುಟ್ಟು ಅನ್ನಾ ಮಾಡ್ತಿಯೇನ? ಬುದ್ಧಿ ಐತಿಲ್ಲೋ?”

“ಅನ್ನಾ ಇಲ್ಲಂದ್ರ ನಿಮ್ಮ ಸಾಲ್ಯಾಗ ಯಾರ ಕುಂದರ್ತಾರ, ಆ ಕಪ್ಪಿ ಕುಂದರ್ತಾವೇನು?”

“ಕೊಡೂದಿಲ್ಲ ಅಂದ್ರ ಕೊಡೂದಿಲ್ಲ.”

ಅವಳು ಮತ್ತೆ ಕೇಳಲಿಲ್ಲ. ಕೆಮ್ಮಿದಳು, ಅಷ್ಟೆ. ದಿನಾ ಮಧ್ಯಾಹ್ನ ಮಕ್ಕಳು ಎರಡರ ಮಗ್ಗಿ ಹೇಳಿ ಮುಗಿಸಿದ ಮೇಲೇ ಅನ್ನ ನೀಡುತ್ತಿದ್ದಳು. ತನಗೆ ಬರುತ್ತಿದ್ದದ್ದು ಅದೊಂದೇ ಮಗ್ಗಿ, ಅದಕ್ಕೆ. ನಿನ್ನೆಯೂ ಒಲೆಯ ಮುಂದೆ ಕಂಬಕ್ಕೆ ಒರಗಿ, “ಹೂಂ, ಸುರು ಮಾಡ್ರಿ,” ಅಂದಳು. ಮಗ್ಗಿ ಮುಗಿಯಿತು. ಅವಳು ಏಳಲಿಲ್ಲ.

ತನ್ನ ಕಾಲ ಮೇಲೆ ಸುಡುಗಾಡಿಗೆ ನಡೆದು ಬಂದು ಸತ್ತವಳು ಊರಲ್ಲಿ ಅವಳೊಬ್ಬಳೇ. ಆದರೆ ಹೆಣ ಮನೆಯಿಂದಲೇ ಹೊರಡಬೇಕಲ್ಲ! ಒಮ್ಮೆ ಮನೆಗೆ ಹೊತ್ತೊಯ್ದು, ಮೈ ತೊಳೆದು, ಮತ್ತೆ ಅಲ್ಲಿಗೇ ಹೊತ್ತು ತಂದರು.

*

ಇದ್ದ ಒಂದು ಸಾಲು ಕೆಳಗೆ ಹಾಕಿ, ಮೇಲೆ ಹಸಿ ಕಟ್ಟಿಗೆ ಪೇರಿಸಿ, ಡೀಸೆಲ್ ಸುರಿದು ನೋಡಿದರು. ಡೀಸೆಲ್ ಉರಿಯಿತು. ಕಟ್ಟಿಗೆ ಬುಸುಗುಟ್ಟಿತು. ಹೊಗೆಗೆ ಮಕ್ಕಳು ಕೆಮ್ಮಿದವು. ಸುಡುಗಾಡಿಗೆ ಬರಬೇಡಿ ಅನ್ನುವ ಹಾಗಿರಲಿಲ್ಲ, ದಿನಾ ಬರುವವು. ಎಂದಿನಂತೆ ಚೀಲ ಹಾಕಿಕೊಂಡೇ ಬಂದಿದ್ದವು.

“ಅಪ್ಪಾ, ಕೀಲಿ ಕೊಡು,” ಅಂದ ಅಜಯ.

ಠಾಕಪ್ಪ ಉಡದಾರ ಹಿಡಿದುಕೊಂಡ. “ಆ ಬಾಗಲಾ ಹೋತಂದ್ರ ಸಾಲಿ ಹೋತು.”

“ಸಾಲಿ ಎಲ್ಲೈತಪ್ಪಾ? ನಿನ್ನ ಟೊಂಕದಾಗಷ್ಟ ಐತಿ.”

“ಕಾಜಲ್ ಆನಿ ದಾರ್ಯಾಗ ಹೋಗಬೇಕೇನ್ಲೇ?”

“ಮತ್ತ ಅವ್ವ ಅರ್ಧಾ ಬೆಂದು ಬೀಳಬೇಕೇನು? ರಾತ್ರಿ ಹಂದಿ ಬರ್ತಾವು.”

ಠಾಕಪ್ಪ ಟೀಚರ್ ಕಡೆ ನೋಡಿದ. ಅತಿಥಿ ಶಿಕ್ಷಕಿ ಸ್ವಪ್ನಾ ತನ್ನ ಕೊಡೆಯನ್ನು ಹೊರಗೆ ಸರಿಸಿದ್ದ ಕರಿಹಲಗೆಗೆ ಹಿಡಿದು ತಾನು ನೆನೆಯುತ್ತಿದ್ದಳು. ಅವಳಿಗೆ ಸಂಬಳ ಬಂದೂ ತಿಂಗಳುಗಳಾಗಿದ್ದವು.

“ಅಕ್ಕೋರ, ನೀವ್ ಕಲ್ತವರು ಹೇಳ್ರಿ. ಇನ್ನೊಂದೀಟು ಕಾಯೂಣೇನು?”

“ಯಾವುದಕ್ಕ ಕಾಯೂದ್ರೀ ಕಾಕಾ?” ಅಂದಳು ಸ್ವಪ್ನಾ. “ಮಳಿ ನಿಲ್ಲೂಮಟಾನೋ, ರೊಕ್ಕ ಬರೂಮಟಾನೋ?”

ಠಾಕಪ್ಪ ಹಳೆ ಶಾಲೆಗೆ ನಡೆದ. ಪಡಸಾಲೆಯ ತಗಡಿನ ಕೆಳಗೆ ಬಾಗಿಲು ಬೆಚ್ಚಗೆ ಒಣಗಿ ನಿಂತಿತ್ತು. ಅದರ ಮೇಲೆ ನೀಲಿ ಬಣ್ಣದಲ್ಲಿ ಎರಡರ ಮಗ್ಗಿ. ರೂಢಿಯಂತೆ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ. ಕೀಲಿ ತೆಗೆದ. ಬೆಂಚು, ತೊಲೆ ಎಲ್ಲ ಹೊರಗೆ ಹೋಗುವ ತನಕ ಗೋಡೆಗೆ ಮುಖ ಮಾಡಿ ನಿಂತಿದ್ದ. ಬಾಗಿಲನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ತಾನೇ ಕಿತ್ತು, ಬೆನ್ನ ಮೇಲೆ ಹೊತ್ತು ತಂದ.

“ಹೆಂಡ್ತಿ ಕೇಳಿದಾಗ ಒಂದು ಬೆಂಚ್ ಕೊಡಲಿಲ್ಲ,” ಅಂದಾನೆಪ್ಪ ಮೆಲ್ಲಗೆ ಅಂದ. “ಈಗ ನೋಡು, ಸರ್ಕಾರದ ಸಾಲೀನ ಕೊಟ್ಟ.”

ಬೆಂಚು, ತೊಲೆ ಪೇರಿಸಿ ರೂಪಿಬಾಯಿಯನ್ನು ಮಲಗಿಸಿದರು. ಒಣ ತೇಗ ಹತ್ತಿಕೊಂಡಿತು. ಓರೆ ಮಳೆಯ ಎರಚಲು ತಡೆಯಲು ಬಾಗಿಲನ್ನು ತೊಟ್ಟಿಲ ಪಕ್ಕ ನಿಲ್ಲಿಸಿದರು. ಉಳಿದದ್ದೆಲ್ಲ ಕೆಂಡವಾದ ಮೇಲೆ ಬೆಂಕಿ ಅದರ ಬುಡಕ್ಕೂ ಬಂತು, ಕೆಳಗಿನ ಸಾಲಿನಿಂದ ಒಂದೊಂದಾಗಿ ಮೇಲೆ ಹತ್ತಿತು. ಮಕ್ಕಳು, ಬೆಂಕಿ ತೋರಿಸಿದ್ದನ್ನು ಓದಿದವು.

“ಎರಡು ಹತ್ತಲೇ ಇಪ್ಪತ್ತು.”

“ಎರಡೊಂಬತ್ಲೇ ಹದಿನೆಂಟು.”

ಸ್ವಪ್ನಾ ಸುಮ್ಮನಿರಿ ಅನ್ನಲಿಲ್ಲ. ಹಿರಿಯರು ತಲೆ ತಗ್ಗಿಸಿ ನಿಂತರು. ಠಾಕಪ್ಪನ ಕೈಯಲ್ಲಿ ಕೀಲಿಕೈ ಇತ್ತು. ಬಣ್ಣ ಗುಳ್ಳೆ ಎದ್ದು, ಕಪ್ಪಾಗಿ, ಒಂದೊಂದೇ ಸಾಲು ಹೋಯಿತು.

“ಎರಡೆರಡ್ಲೇ ನಾಕು.”

“ಎರಡೊಂದ್ಲೇ ಎರಡು.”

ಮಗ್ಗಿ ಮುಗಿಯಿತು. ಒಂದನೇ ಇಯತ್ತೆಯ ಹುಡುಗಿಯೊಬ್ಬಳು ಚೀಲದಿಂದ ತಾಟು ತೆಗೆದು, ಎರಡೂ ಕೈಯಲ್ಲಿ ಬೆಂಕಿಯ ಕಡೆ ಹಿಡಿದಳು.